ನಮ್ಮ ಮೂಲೆಗೆ ಬರುವ ಹಳದಿ ಬಸ್ಸು

ಮಗುವನ್ನು ದೂರದ ಖಾಸಗಿ ಶಾಲೆಗೆ ಸೇರಿಸಿದ ಮನೆಯಲ್ಲಿ ನಗುವ ಸಂಗತಿಗಳಿಗೆ ಬರ ಅನ್ನುವುದೇ ಇಲ್ಲ. ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಹಳದಿ ಬಸ್ಸು ಹತ್ತಿ ಬಂದು ನಮ್ಮ ಮೂಲೆಯಲ್ಲಿ ಇಳಿಯುತ್ತವೆ. ನಾನು ಬ್ಲೌಸ್ ಹೊಲಿಯುವವಳು, ಬರೆಯುವವಳಲ್ಲ. ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಮೊದಲೇ ಅರ್ಥವಾದವರು ಬೇಜಾರು ಮಾಡಿಕೊಳ್ಳದೆ ಮುಂದಿನ ಸಾಲಿಗೆ ಹೋಗಬೇಕು.

ನಮ್ಮ ಮನೆ ಹೆಗ್ಗನಹಳ್ಳಿಯಲ್ಲಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಗೆ ಬಂದು ಒಳಗೆ ತಿರುಗಬೇಕು. ಮಾವನವರು ಕಟ್ಟಿಸಿದ ಸಣ್ಣ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ಶಾಲೆ ಇರುವುದು ಕೆಂಗೇರಿಯಿಂದಲೂ ಆಚೆ. ಹತ್ತಿರದಲ್ಲಿ ಶಾಲೆಗಳಿಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿವೆ. ಆದರೆ ನಡೆದುಕೊಂಡು ಹೋಗುವ ಶಾಲೆಯಲ್ಲಿ ಮಗು ಬರೀ ಓದುತ್ತದೆ, ಬಸ್ಸಿನಲ್ಲಿ ಹೋಗುವ ಶಾಲೆಯಲ್ಲಿ ಎಜುಕೇಷನ್ ಪಡೆಯುತ್ತದೆ. ಇದು ನನ್ನ ಮಾತಲ್ಲ, ನಮ್ಮನೆಯವರದು. ನಮ್ಮನೆಯವರು ಅಂದರೆ ನನ್ನ ಗಂಡ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ.

ದಾರಿಯೂ ಒಂದು ಪಾಠ

ಸೇರಿಸುವ ಮುಂಚೆ ಶಾಲೆಯಲ್ಲಿ ಒಂದು ಇಂಟರ್‌ವ್ಯೂ ಇತ್ತು. ಮಗುವಿಗಲ್ಲ, ನಮಗೆ. ನಮ್ಮನೆಯವರು ಮದುವೆಯ ಕೋಟು ಹಾಕಿಕೊಂಡಿದ್ದರು. ಅದು ಹೊಟ್ಟೆಯ ಹತ್ತಿರ ಕೂಡುತ್ತಿರಲಿಲ್ಲ, ಹಿಂದಿನ ದಿನ ನಾನೇ ಕೂತು ಬಿಚ್ಚಿ ಅಗಲ ಮಾಡಿದ್ದೆ. ಪ್ರಿನ್ಸಿಪಾಲ್ ಮೇಡಂ ನಮ್ಮ ವಿಳಾಸ ನೋಡಿ, ಇಷ್ಟು ಹೊತ್ತಿನ ಪ್ರಯಾಣದಲ್ಲಿ ಮಗು ಬಸ್ಸಿನಲ್ಲಿ ಏನು ಮಾಡುತ್ತಾನೆ ಅಂತ ಯೋಚಿಸಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮನೆಯವರು ಬಾಯಿಪಾಠ ಮಾಡಿಕೊಂಡು ಬಂದ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಬಹಳ ಹೊತ್ತು ಯೋಚಿಸಿ ಕನ್ನಡದಲ್ಲೇ ಹೇಳಿದರು.

"ಕೂತ್ಕೋತಾನೆ ಮೇಡಂ."

ಮೇಡಂ ನಗಲಿಲ್ಲ. ನಮ್ಮಲ್ಲಿ ಪ್ರಯಾಣವೂ ಕಲಿಕೆಯ ಒಂದು ಭಾಗ, ದಾರಿಯೇ ಮಗುವಿಗೆ ಪಾಠ ಕಲಿಸುತ್ತದೆ ಎಂದು ವಿವರಿಸಿದರು. ನಮ್ಮನೆಯವರು ದಾರಿಯುದ್ದಕ್ಕೂ ಆ ಮಾತನ್ನೇ ಹೇಳಿಕೊಂಡು ಬಂದರು. ಮೇಡಂ ಹೇಳಿದ್ದು ಸುಳ್ಳಾಗಲಿಲ್ಲ. ಬಸ್ಸು ದಿನಾ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ, ಅಕ್ಕಪಕ್ಕದ ಆಟೋ, ಟೆಂಪೋ, ಕ್ಯಾಬುಗಳವರು ಒಬ್ಬರಿಗೊಬ್ಬರು ಮಾತಾಡುವುದು ಕಿಟಕಿಯೊಳಗೆ ಚೆನ್ನಾಗಿ ಕೇಳುತ್ತದೆ. ದೀಪಾವಳಿ ಬರುವಷ್ಟರಲ್ಲಿ ನಮ್ಮ ಮಗ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಬೈಯುವುದು ಕಲಿತಿದ್ದ. ಇಂಗ್ಲಿಷ್ ಮಾತ್ರ ಇನ್ನೂ ಬಂದಿರಲಿಲ್ಲ.

ನಾಗರಬಾವಿ ಇಷ್ಟು ದೂರ

ನಮ್ಮ ರಸ್ತೆಯ ಮೂಲೆಯಲ್ಲಿ ಗ್ರಾನೈಟ್ ಹಾಕಿಸಿದ ಮನೆ ಒಂದಿದೆ. ಬಸ್ಸು ನಿಲ್ಲುವುದು ಅದರ ಗೇಟಿನ ಮುಂದೆ, ಯಾಕೆಂದರೆ ಅಲ್ಲಿಂದ ಒಳಗೆ ಬಂದರೆ ಬಸ್ಸು ತಿರುಗುವುದಿಲ್ಲ. ಆ ಮನೆಯವರ ಮಗಳು ನಮ್ಮ ಮಗನ ಕ್ಲಾಸು, ಅದೇ ಬಸ್ಸು. ಮಗು ಒಳ್ಳೆಯದು. ತಾಯಿಯ ಬಗ್ಗೆ ಹೇಳುತ್ತೇನೆ. ಆಕೆಯನ್ನು ಮೂಲೆ ಮನೆಯಾಕೆ ಎಂದು ಕರೆಯುತ್ತೇನೆ, ಹೆಸರು ಬೇಡ, ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಾರೆ.

ಈ ಮೂಲೆ ಮನೆಯಾಕೆಗೆ ಹೆಗ್ಗನಹಳ್ಳಿ ಎಂಬ ಹೆಸರು ಹೇಳಲು ನಾಲಿಗೆ ತಿರುಗುವುದಿಲ್ಲ. ಶಾಲೆಯ ತಾಯಂದಿರು ಎಲ್ಲಿ ಮನೆ ಎಂದು ಕೇಳಿದರೆ "ನಾಗರಬಾವಿ ಸೈಡ್" ಎನ್ನುತ್ತಿದ್ದರು, ಆ ಬಡಾವಣೆಯ ಹೆಸರಿಗೆ ತೂಕ ಜಾಸ್ತಿ. ಹೆಗ್ಗನಹಳ್ಳಿ ನಾಗರಬಾವಿಯ ಸೈಡಿನಲ್ಲಿದ್ದರೆ ತುಮಕೂರೂ ಇದೆ. ಇರಲಿ. ಮಗಳ ಹುಟ್ಟುಹಬ್ಬ ಬಂತು, ಕ್ಲಾಸಿನವರನ್ನೆಲ್ಲ ಕರೆದರು. ಬಂದವರು ನಾಗರಬಾವಿಗೆ ಹೋಗಿ, ಸರ್ಕಲ್ಲಿನಲ್ಲಿ ನಿಂತು ಫೋನ್ ಮಾಡಿದರು. ನಾನು ಆಗ ಅಲ್ಲೇ ಬಲೂನು ಕಟ್ಟುತ್ತಿದ್ದೆ. ಆಕೆ ಫೋನಿನಲ್ಲಿ, ಹಾಗೇ ಸ್ಟ್ರೈಟ್ ಬನ್ನಿ, ಅನ್ನಪೂರ್ಣೇಶ್ವರಿ ನಗರ ದಾಟಿ, ಮಾಗಡಿ ರೋಡ್ ದಾಟಿ, ಸುಂಕದಕಟ್ಟೆಯಲ್ಲಿ ಯಾರನ್ನಾದರೂ ಕೇಳಿ ಅಂದರು. ಏನಂತ ಕೇಳಬೇಕು ಎಂದು ಅವರು ಅತ್ತ ಕಡೆಯಿಂದ ಕೇಳಿರಬೇಕು, ಆಕೆ ಫೋನಿಗೆ ಕೈ ಅಡ್ಡ ಹಿಡಿದು, ಗುಟ್ಟು ಹೇಳುವ ಹಾಗೆ "ಹೆಗ್ಗನಹಳ್ಳಿ" ಅಂದರು.

ಕೇಕು ಕತ್ತರಿಸಿ ಎಷ್ಟೋ ಹೊತ್ತಾದ ಮೇಲೆ ಒಂದು ದೊಡ್ಡ ಕಾರಿನವರು ಬಂದರು. ಕಾರು ನೀರಿನ ಟ್ಯಾಂಕರಿನ ಎದುರು ಸಿಕ್ಕಿಹಾಕಿಕೊಂಡಿದ್ದರಿಂದ ನಡೆದೇ ಬಂದಿದ್ದರು. ಆ ತಾಯಿ ಬೆವರು ಒರೆಸಿಕೊಂಡು ಕುರ್ಚಿಯ ಮೇಲೆ ಕೂತು ಹೇಳಿದರು. "ನಾನು ಹುಟ್ಟಿ ಬೆಳೆದಿದ್ದೇ ನಾಗರಬಾವೀಲಿ ಕಣ್ರೀ. ನಾಗರಬಾವಿ ಇಷ್ಟು ದೂರ ಇದೆ ಅಂತ ಇವತ್ತೇ ಗೊತ್ತಾಗಿದ್ದು."

ನನ್ನ ನೆರೆಹೊರೆ

ಒಂದು ಸಲ ಶಾಲೆಯಿಂದ ಚಾರ್ಟ್ ಮಾಡಲು ಹೇಳಿದರು. ವಿಷಯ, "ನನ್ನ ನೆರೆಹೊರೆ". ಸುತ್ತಮುತ್ತ ಯಾರಿದ್ದಾರೆ, ಏನೇನಿದೆ ಎಂದು ಮಗುವೇ ಬರೆಯಬೇಕು, ಪೋಷಕರು ಸಹಾಯ ಮಾಡಬಾರದು. ಪೋಷಕರು ಸಹಾಯ ಮಾಡಬಾರದು ಎಂದರೆ ಪೋಷಕರೇ ಮಾಡಬೇಕು ಎಂದು ಅರ್ಥ, ಇದು ಮಕ್ಕಳಿರುವ ಎಲ್ಲರಿಗೂ ಗೊತ್ತು. ಆದರೂ ಗೊತ್ತಿಲ್ಲದವರಿಗಾಗಿ ಹೇಳಿದೆ. ನಮ್ಮನೆಯವರಿಗೆ ಆ ವಾರ ಎರಡನೇ ಶಿಫ್ಟು, ನನಗೆ ಮದುವೆ ಸೀಸನ್ನು. ಹಾಗಾಗಿ ನಮ್ಮ ಮಗನೇ ಬರೆದ.

ನೋಡಿದರೆ ಚಾರ್ಟಿನ ತುಂಬ ಒಂದು ಬಸ್ಸು. ಕಿಟಕಿ ಕಿಟಕಿಗೂ ಒಂದೊಂದು ಮುಖ. ಮುಂದೆ ಡ್ರೈವರ್ ಅಂಕಲ್, ಬಾಗಿಲಲ್ಲಿ ಆಯಾ, ಹಿಂದೆ ವಾಂತಿ ಮಾಡುವ ಹುಡುಗ. ನಮ್ಮ ರಸ್ತೆಯ ಹೂವಿನಮ್ಮ ಇಲ್ಲ, ಎದುರು ಮನೆ ಅಜ್ಜಿ ಇಲ್ಲ, ಇಸ್ತ್ರಿ ಅಂಗಡಿ ಇಲ್ಲ. ಅವರನ್ನೆಲ್ಲ ಅವನು ನೋಡುವುದಾದರೂ ಯಾವಾಗ? ಬೆಳಿಗ್ಗೆ ಬೀದಿ ದೀಪ ಆರುವ ಮುಂಚೆ ಹೊರಡುತ್ತಾನೆ, ಸಂಜೆ ಬಂದವನು ಷೂ ಬಿಚ್ಚುವ ಮೊದಲೇ ನಿದ್ದೆ. ನಮ್ಮನೆಯವರು ಚಾರ್ಟು ನೋಡಿ ತಲೆ ಮೇಲೆ ಕೈ ಹೊತ್ತರು, ಮಾರ್ಕ್ಸ್ ಹೋಯಿತು ಎಂದರು.

ಹೋಗಲಿಲ್ಲ. ಮಿಸ್ಸು ನಕ್ಷತ್ರ ಕೊಟ್ಟು ಕಳಿಸಿದ್ದರು. ಕ್ಲಾಸಿನ ಮಕ್ಕಳೆಲ್ಲ ಬಸ್ಸನ್ನೇ ಬರೆದಿದ್ದರಂತೆ, ನಮ್ಮವನ ಬಸ್ಸಿನ ಚಕ್ರ ಮಾತ್ರ ದುಂಡಗೆ ಬಂದಿತ್ತಂತೆ.

ಬೆಲ್ ಹೊಡೆದ ಮೇಲೆ ಹಲ್ಲುಜ್ಜುವವರು

ಈಗ ಕೊನೆಯದು. ಇದು ಸ್ವಲ್ಪ ಉದ್ದ, ಯಾಕೆಂದರೆ ಇದರಲ್ಲಿ ನನ್ನ ಮೆಷಿನ್ನಿನ ವಿಷಯವೂ ಇದೆ.

ಈ ಬೇಸಿಗೆ ರಜೆಯಲ್ಲಿ ಮೂಲೆ ಮನೆಯಾಕೆ ನಾಲ್ಕು ಬ್ಲೌಸ್ ಬಟ್ಟೆ ತಂದು ಬೇಗ ಬೇಕು ಅಂದರು. ಯಾವ ಫಂಕ್ಷನ್ ಎಂದೆ. ಮನೆ ಬದಲಾಯಿಸುತ್ತಿದ್ದೇವೆ, ಶಾಲೆ ಗೇಟಿನ ಎದುರಿಗೇ ಫ್ಲ್ಯಾಟು ಬಾಡಿಗೆಗೆ ಹಿಡಿದಿದ್ದೇವೆ ಎಂದರು. ಮೂಲೆ ಮನೆಯನ್ನು ಡೆಲಿವರಿ ಕೆಲಸ ಮಾಡುವ ಬಾಗಲಕೋಟೆ ಕಡೆಯ ಹುಡುಗರಿಗೆ ಕೊಟ್ಟಿದ್ದರಂತೆ. ನಾನು ಅಳತೆ ತೆಗೆಯುವಾಗ ಟೇಪಿನ ಮೇಲಿಂದ ನನ್ನನ್ನು ನೋಡಿ ಹೇಳಿದರು.

"ಬಾಲ್ಕನೀಲಿ ನಿಂತ್ರೆ ಕ್ಲಾಸ್‌ರೂಮ್ ಕಾಣ್ಸುತ್ತೆ ಕಣ್ರೀ. ಇನ್ಮೇಲೆ ನಮ್ಮ ಪಾಪು ಬೆಲ್ ಹೊಡೆದ ಮೇಲೆ ಹಲ್ಲುಜ್ಜಿದ್ರೂ ಸಾಕು. ನಿಮ್ಮ ಮಗನ್ನ ನೋಡಿದ್ರೆ ಪಾಪ ಅನ್ಸುತ್ತೆ."

ನನ್ನ ಕೈಯಲ್ಲಿ ಗುಂಡುಸೂಜಿ ಇತ್ತು. ಅದನ್ನು ಬಟ್ಟೆಗೆ ಮಾತ್ರ ಚುಚ್ಚಿದೆ.

ಅವರು ಹೋದರು, ಶಾಲೆ ಮತ್ತೆ ಶುರುವಾಯಿತು, ಮನೆ ಬದಲಾಯಿಸುವ ಕಾಯಿಲೆ ನಮ್ಮ ಮನೆಗೂ ಬಂತು. ಅದೇ ಕಟ್ಟಡದಲ್ಲಿ ಇನ್ನೊಂದು ಫ್ಲ್ಯಾಟ್ ಖಾಲಿ ಇದೆ ಎಂದು ಆಕೆ ನಮ್ಮನೆಯವರಿಗೆ ದಿನಾ ಮೆಸೇಜ್ ಹಾಕತೊಡಗಿದರು. ಇವರು ನಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟು ಹೋಗೋಣ ಎಂದು ಶುರು ಮಾಡಿದರು. ನಾನು, ನನ್ನ ಹೊಲಿಗೆ ಏನಾಗಬೇಕು ಎಂದೆ. ಅಲ್ಲೂ ಹೊಲಿದರಾಯಿತು ಎಂದರು. ಹೊಲಿಗೆ ಎಂದರೆ ಮೆಷಿನ್ನು ಮಾತ್ರ ಎಂದು ಗಂಡಸರು ತಿಳಿದಿದ್ದಾರೆ. ಯಾರಿಗೆ ತೋಳು ಬಿಗಿ ಬೇಕು, ಯಾರಿಗೆ ಬೆನ್ನು ಮುಚ್ಚಬೇಕು, ಯಾರು ಸಣ್ಣಗಾಗುತ್ತೇನೆ ಎಂದು ಹೇಳಿ ಆಗುವುದಿಲ್ಲ, ಇಷ್ಟು ತಿಳಿಯುವುದಕ್ಕೆ ನನಗೆ ನನ್ನ ಮದುವೆಯಿಂದ ಇಲ್ಲಿಯವರೆಗೆ ಹಿಡಿದಿದೆ. ಆ ಹೆಂಗಸರು ಬ್ಲೌಸ್ ಹೊಲಿಸಲು ಕೆಂಗೇರಿ ದಾಟಿ ಬರುತ್ತಾರೆಯೇ? ಹೊಸ ಜಾಗದಲ್ಲಿ ಫ್ಲ್ಯಾಟಿನವರು ಬ್ಲೌಸನ್ನು ಫೋನಿನಲ್ಲಿ ತರಿಸುತ್ತಾರೆ. ಇದನ್ನೆಲ್ಲ ಹೇಳಿದೆ. ನಮ್ಮನೆಯವರು ಒಂದೇ ಮಾತು ಹೇಳಿದರು. "ಮಗೂನ ನಿದ್ದೆಗಿಂತ ಬ್ಲೌಸ್ ದೊಡ್ಡದಾ?"

ಇದಕ್ಕೆ ಯಾವ ತಾಯಿ ಉತ್ತರ ಕೊಡುತ್ತಾಳೆ? ಭಾನುವಾರ ಹೋಗಿ ಅಡ್ವಾನ್ಸ್ ಕೊಡುವುದು ಎಂದು ತೀರ್ಮಾನವಾಯಿತು. ಆ ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರು ಮಗನನ್ನು, ಮೂಲೆ ಮನೆ ಪಾಪು ಈಗ ಹೇಗಿದ್ದಾಳೋ ಎಂದು ಕೇಳಿದರು. ಅವನು ಅನ್ನ ಕಲಸುತ್ತಾ, ನಾನು ಬಸ್ ಹತ್ತೋ ಹೊತ್ತಿಗೆ ಅವಳು ಚೆನ್ನಾಗಿ ಮಲಗಿರ್ತಾಳೆ ಅಂದ. ನಮ್ಮನೆಯವರು ನನ್ನ ಕಡೆ ತಿರುಗಿ, ಕೇಳಿಸ್ತಾ, ಇದೇ ನಾನು ಹೇಳಿದ್ದು ಎಂಬಂತೆ ಹುಬ್ಬು ಹಾರಿಸಿದರು.

ಮಾರನೆಯ ಬೆಳಿಗ್ಗೆ ಮಗ ಬಸ್ಸು ಹತ್ತಿದ ಮೇಲೆ ನೋಡುತ್ತೇನೆ, ಊಟದ ಚೀಲ ನನ್ನ ಕೈಯಲ್ಲೇ ಉಳಿದಿದೆ. ಪೋಷಕರು ಬಸ್ಸು ಹತ್ತಬಾರದು ಎಂದು ನಿಯಮ. ಆದರೆ ಅವತ್ತು ಆಯಾ ಬಂದಿರಲಿಲ್ಲ, ನಾನೇ ಹತ್ತಿದೆ. ಚೀಲ ಕೊಟ್ಟು ತಿರುಗಿದರೆ ಕೊನೆಯ ಸೀಟಿನಲ್ಲಿ ದಿಂಬು, ಹೂವಿನ ಚಿತ್ರದ ಹೊದಿಕೆ. ಹೊದಿಕೆಯ ಒಳಗೆ ಮೂಲೆ ಮನೆ ಪಾಪು.

ನನಗೆ ಮೊದಲು ಹೊಳೆದದ್ದು, ಇವರು ಹೆಗ್ಗನಹಳ್ಳಿಗೆ ವಾಪಸ್ ಬಂದರೇ ಎಂದು. ಡ್ರೈವರನ್ನು ಕೇಳಿದೆ. ಅವರು ಹೇಳಿದ್ದನ್ನು ಸರಿಯಾಗಿ ವಿವರಿಸುತ್ತೇನೆ, ಇದು ಮುಖ್ಯ. ಬಸ್ಸು ರಾತ್ರಿ ನಿಲ್ಲುವುದು ಶಾಲೆಯಲ್ಲೇ. ಆದ್ದರಿಂದ ಬೆಳಿಗ್ಗೆ ಹೊರಡುವುದೂ ಅಲ್ಲಿಂದ, ಮೊದಲು ಹತ್ತಿಸಿಕೊಳ್ಳುವುದು ಎದುರಿನ ಫ್ಲ್ಯಾಟಿನವರನ್ನು. ಆಮೇಲೆ ಕೆಂಗೇರಿ, ನಾಗರಬಾವಿ, ಅನ್ನಪೂರ್ಣೇಶ್ವರಿ ನಗರ, ನಮ್ಮ ಹೆಗ್ಗನಹಳ್ಳಿ, ಇಲ್ಲಿಂದ ಬಸವೇಶ್ವರನಗರ, ವಿಜಯನಗರ, ಮತ್ತೆ ಮೈಸೂರು ರಸ್ತೆ ಹಿಡಿದು ಶಾಲೆ. ಒಂದು ಪೂರ್ತಿ ಪ್ರದಕ್ಷಿಣೆ.

"ಎದುರುಗಡೆ ಮನೆ ಅಲ್ವಾ ಅಣ್ಣ, ನಡ್ಕೊಂಡು ರಸ್ತೆ ದಾಟಿದ್ರೆ ಆಯ್ತಲ್ಲ?"

"ನಡ್ಕೊಂಡು ಬಂದ ಮಕ್ಕಳನ್ನ ಗೇಟಲ್ಲಿ ಬಿಡಲ್ಲ ಮೇಡಂ. ಹೈವೇ ಅಲ್ವಾ, ಸೇಫ್ಟಿ. ಬಸ್ಸಲ್ಲೇ ಬರ್ಬೇಕು."

ಮನೆಗೆ ಬಂದು ನಾನು ನಮ್ಮನೆಯವರಿಗೆ ಏನೂ ಹೇಳಲಿಲ್ಲ. ನಾನು ಹೇಳಿದ್ದನ್ನು ಅವರು ನಂಬಿದ್ದರೆ ಈ ಕತೆ ಇಷ್ಟು ಉದ್ದ ಆಗುತ್ತಲೇ ಇರಲಿಲ್ಲ. ಶನಿವಾರ ಸೊಂಟ ನೋವು ಎಂದು ಮಲಗಿದೆ, ನೀವೇ ಬಸ್ಸು ಹತ್ತಿಸಿ ಬನ್ನಿ, ಹಿಂದಿನ ಸೀಟಿನವರೆಗೂ ಹೋಗಿ ಕೂರಿಸಿ ಬನ್ನಿ, ಆಯಾ ಬರುತ್ತಿಲ್ಲ ಎಂದೆ. ಗೊಣಗಿಕೊಂಡು ಹೋದರು. ಅವರು ಮೂಲೆ ತಿರುಗಿದ್ದೇ ತಡ, ನನ್ನ ಸೊಂಟ ವಾಸಿಯಾಯಿತು. ಹಿಂದೆಯೇ ಹೋಗಿ ಹಾಲಿನ ಬೂತಿನ ಪಕ್ಕ, ಬಸ್ಸಿನ ಹಿಂದಿನ ತೆರೆದ ಕಿಟಕಿಗೆ ಸರಿಯಾಗಿ ನಿಂತೆ.

ನಮ್ಮನೆಯವರು ಕೊನೆಯ ಸೀಟಿನ ಹತ್ತಿರ ಹೋಗಿ ಹಾಗೇ ನಿಂತುಬಿಟ್ಟರು. ಸದ್ದಿಗೆ ಆ ಮಗು ಹೊದಿಕೆ ಸರಿಸಿ, ಕಣ್ಣು ಅರ್ಧ ಬಿಟ್ಟು ಕೇಳಿತು.

"ಅಂಕಲ್, ಸ್ಕೂಲ್ ಬಂತಾ?"

ಇವರು ಕಿಟಕಿಯಿಂದ ಗ್ರಾನೈಟ್ ಗೋಡೆ ನೋಡಿದರು, ಗೇಟು ನೋಡಿದರು, ಮತ್ತೆ ಮಗುವನ್ನು ನೋಡಿದರು.

"ಇಲ್ಲ ಪುಟ್ಟಿ. ನಿಮ್ಮ ಹಳೇ ಮನೆ ಬಂತು."

"ಹಂಗಾದ್ರೆ ಇನ್ನೂ ಅರ್ಧ ದಾರಿ ಇದೆ," ಎಂದು ಮಗು ಹೊದಿಕೆ ಎಳೆದುಕೊಂಡು ಮಲಗಿತು.

ಭಾನುವಾರ ಬೆಳಿಗ್ಗೆ ಅಡ್ವಾನ್ಸ್ ಕೊಡಲು ಹೊರಡುವ ಹೊತ್ತಿಗೆ ನಮ್ಮನೆಯವರು ಬನಿಯನ್ನಿನಲ್ಲೇ ಕೂತು ನನ್ನ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ತಪ್ಪಾಯಿತು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ.

ಆಗ ಮೂಲೆ ಮನೆಯಾಕೆಯ ಫೋನು ಬಂತು. ಎಷ್ಟು ಹೊತ್ತಿಂದ ಕಾಯುತ್ತಿದ್ದೇನೆ, ಬೇರೆಯವರು ನೋಡಿಕೊಂಡು ಹೋಗಿದ್ದಾರೆ, ಶಾಲೆಗೆ ಇಷ್ಟು ಹತ್ತಿರದ ಮನೆ ನಿಮಗೆ ಇನ್ನೆಲ್ಲೂ ಸಿಗುವುದಿಲ್ಲ ಎಂದರು. ತಾನು ಬಿದ್ದ ಹಳ್ಳಕ್ಕೆ ಜೊತೆ ಹುಡುಕುವವರ ದನಿ ಎಷ್ಟು ಸಿಹಿಯಾಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ನಾನೂ ಅಷ್ಟೇ ಸಿಹಿಯಾಗಿ ಹೇಳಿದೆ.

"ಬೇಡ ಕಣ್ರೀ. ಅಷ್ಟು ಹತ್ತಿರ ಬಂದ್ರೆ ನಮಗೆ ಸ್ಕೂಲು ತುಂಬಾ ದೂರ ಆಗುತ್ತೆ."