ನನ್ನ ಹಲ್ಲಿನ ತಂತಿಯೂ ದನದ ವ್ಯಾಪಾರದ ಮಾವನೂ

ದನ ಸಾಕುವವರ ಊರಿನಲ್ಲಿ ಯಾರೂ ಹಲ್ಲಿಗೆ ತಂತಿ ಹಾಕಿಸಿಕೊಳ್ಳಬಾರದು. ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಮೇಲಿನ ಹಲ್ಲುಗಳು ಚಿಕ್ಕಂದಿನಿಂದಲೂ ನನಗಿಂತ ಮುಂದೆ. ನಾನು ಬಾಗಿಲು ದಾಟುವ ಮೊದಲೇ ಅವು ದಾಟಿರುತ್ತಿದ್ದವು. ಪಾಂಡವಪುರದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ವಾರಪತ್ರಿಕೆಗಳ ಆರೋಗ್ಯದ ಪುಟವನ್ನು ನಿಂತೇ ಓದಿ ಓದಿ ನಾನು ಅರ್ಧ ದಂತವೈದ್ಯನಾಗಿದ್ದೆ. ಬೇವಿನ ಕಡ್ಡಿ ಜಗಿಯುವ ಅಪ್ಪನಿಗೆ, ಬ್ರಷ್ಷನ್ನು ಹೇಗೆ ಆಡಿಸಬೇಕೆಂದು ದಿನಾ ಪಾಠ. ಆ ಕಾಟ ತಡೆಯಲಾರದೆಯೇ ಅಪ್ಪ ನನ್ನನ್ನು ಮೈಸೂರಿಗೆ ಕರೆದೊಯ್ದು ತಂತಿ ಹಾಕಿಸಿದ್ದು ಅಂತ ಕಾಣುತ್ತದೆ.

ಡಾಕ್ಟರು ಎರಡು ಹಲ್ಲು ಕಿತ್ತು ಜಾಗ ಮಾಡಿ, ಉಳಿದವಕ್ಕೆ ಲೋಹದ ಬಿಲ್ಲೆ ಅಂಟಿಸಿ, ತಂತಿ ಪೋಣಿಸಿದರು. ಕಬ್ಬು, ಚಕ್ಕುಲಿ ಬಂದ್. ಮುದ್ದೆಗೆ ಅಡ್ಡಿಯಿಲ್ಲ, ಅದನ್ನು ಹೇಗೂ ನುಂಗುವುದೇ. ಆದರೆ ನಮ್ಮದು ಅರಕೆರೆ, ಎತ್ತ ತಿರುಗಿದರೂ ಕಬ್ಬು. ಒಂದೇ ಒಂದು ಗಿಣ್ಣು ಕಚ್ಚಿದ್ದಕ್ಕೆ ಬಿಲ್ಲೆ ಹಾರಿತು. ಡಾಕ್ಟರು ಮತ್ತೆ ಅಂಟಿಸಿ, “ಇನ್ನೊಂದು ಸಲ ಕಿತ್ಕೊಂಡು ಬಂದ್ರೆ ಪೂರ್ತಿ ತೆಗೆದುಬಿಡ್ತೀನಿ. ಹಲ್ಲು ವಾಪಸ್ ಮೊದಲಿನ ಜಾಗಕ್ಕೇ ಹೋಗುತ್ತೆ” ಎಂದರು. ಅಂದಿನಿಂದ ಕಬ್ಬಿನ ಗದ್ದೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅಷ್ಟರಲ್ಲಿ ಸಿಂಧಘಟ್ಟದಿಂದ ಅಮ್ಮನ ಅಣ್ಣ ಬಂದರು. ಎತ್ತಿನ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುವುದು ಈ ಮಾವನ ಕಸುಬು. ನಮ್ಮ ಕಡೆಯ ಮಾತಿನಲ್ಲಿ ಹಕಾರವಿಲ್ಲ, ಹಲ್ಲು ‘ಅಲ್ಲು’ ಆಗುತ್ತದೆ.

“ಇದೇನ್ಲಾ, ಅಲ್ಲಿಗೆ ಬೇಲಿ ಆಕ್ಸ್ಕೊಂಡಿದ್ದೀಯ?”

“ಮುಂದಕ್ಕೆ ಬಂದವೆ ಮಾವ, ಇಂದಕ್ಕೆ ತಳ್ಳಾಕೆ.”

“ಎತ್ತಿಗೆ ಮುಂದ್ಗಡೆ ಮೇಲಲ್ಲೇ ಇಲ್ಲ ಕಣ್ಲಾ. ಅದು ಮೇಯಲ್ವಾ, ಉಳಲ್ವಾ? ಇಲ್ದಿದ್ರೂ ನಡೆಯೋ ಅಲ್ಲಿಗೆ ಮೈಸೂರ್ಗಂಟ ಓಗಿದ್ದೀಯಲ್ಲ.”

ದವಡೆ, ಒಸಡು ಅಂತ ಭಾಷಣ ಬಿಗಿಯಲು ನಾನು ಬಾಯಿ ತೆರೆದೆ. ಮಾವನ ಕೈಗೆ ಅಭ್ಯಾಸಬಲ. ಹೆಬ್ಬೆರಳು ಒಳಕ್ಕೆ ಹೋಯಿತು, ತುಟಿ ಮೇಲಕ್ಕೆ ಹೋಯಿತು, ಟಕ್ ಅಂತ ಬಿಲ್ಲೆ ಅವರ ಅಂಗೈಗೆ ಬಂತು. ಅದನ್ನು ನನಗೆ ಕೊಟ್ಟು ಅಮ್ಮನಿಗೆ ವರದಿ ಒಪ್ಪಿಸಿದರು: “ಎಳೇದು ಕಣವ್ವ, ಕಡೆಯಲ್ಲು ಇನ್ನೂ ಬಂದಿಲ್ಲ.”

ಸಿಟ್ಟಾದ ಅಮ್ಮ ಮಾವನನ್ನೇ ನನ್ನ ಜೊತೆ ಮೈಸೂರಿಗೆ ಅಟ್ಟಿದಳು. ಅವರು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಡಾಕ್ಟರು, “ಕಬ್ಬು ತಾನೇ?” ಎಂದರು.

“ಇಲ್ಲ ಸಾರ್, ನಮ್ಮ ಮಾವ ವಯಸ್ಸು ನೋಡಿದ್ರು.”

ಇಂಥ ಸುಳ್ಳನ್ನು ಅವರು ಹಿಂದೆ ಕೇಳಿರಲಿಲ್ಲ. ತಂತಿ ಪೂರ್ತಿ ತೆಗೆಯಲು ಇಕ್ಕಳ ಕೈಗೆತ್ತಿಕೊಂಡರು. ಮುಗಿಯಿತು ನನ್ನ ಕಥೆ ಅಂದುಕೊಳ್ಳುವಾಗ, ಹೊರಗಿನಿಂದಲೇ ಕೇಳಿಸಿಕೊಂಡ ಮಾವ ಒಳಗೆ ನುಗ್ಗಿದರು.

“ಉಡುಗುಂದೇನೂ ತಪ್ಪಿಲ್ಲ ಸ್ವಾಮಿ. ನಾನು ಇಂಗೆ ಇಡ್ಕೊಂಡೆ, ಅಷ್ಟೇಯ” ಎಂದವರೇ ಡಾಕ್ಟರ ಗದ್ದ ಹಿಡಿದು ತುಟಿ ಎತ್ತಿಯೇಬಿಟ್ಟರು. ನರ್ಸು ಗೋಡೆಯ ಕಡೆ ತಿರುಗಿಕೊಂಡಳು. ಡಾಕ್ಟರು ಬಿಡಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಕೊನೆಗೆ ತಡೆಯಲಾರದೆ ಕೇಳಿದರು: “ನನಗೆಷ್ಟು ಅನ್ನಿಸುತ್ತೆ?”

“ಎಲ್ಲಾ ಅಲ್ಲು ಬಂದು ಬಾಳ ದಿನ ಆಗೈತೆ. ಆದ್ರೂ ಸವ್ದಿಲ್ಲ. ಗಟ್ಟಿ ಮಾಲು.”

ಡಾಕ್ಟರ ಮುಖ ಅರಳಿತು. ಇಕ್ಕಳ ಕೆಳಗಿಟ್ಟು ಬಿಲ್ಲೆ ಅಂಟಿಸಿದರು. ತಂತಿ ಉಳಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೂ ಆಸೆಯಾಯಿತು. “ಮಾವ, ನನ್ನವು ಎಂಗವೆ?”

“ನಿಂದು ಏಳಾಕಾಗಕಿಲ್ಲ ಬುಡು. ಎರಡು ಕೀಳ್ಸವ್ರೆ, ಮಿಕ್ಕವ ತಿದ್ತಾವ್ರೆ. ಇಂಗೆ ಅಲ್ಲು ತಿದ್ದಿರೋ ಮಾಲು ಸಂತೆಗೆ ಬಂದ್ರೆ ಮೋಸ ಅಂತ ನಾವು ಮಾತೇ ಆಡ್ಸಕಿಲ್ಲ.”

ಸಾಲಾಗಿ ನಿಂತ ಹಲ್ಲು ತೋರಿಸಿ ನಾಲ್ಕೂರಿನವರ ಮುಂದೆ ನಗಬೇಕೆಂದಿದ್ದವನು, ಶ್ರೀರಂಗಪಟ್ಟಣ ದಾಟಿದರೂ ತುಟಿ ಬಿಚ್ಚಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ, “ಪಾಪ, ಅಲ್ಲು ನೋವೇನಪ್ಪ?” ಎಂದರು. ಹೌದೆಂದು ತಲೆಯಾಡಿಸಿದೆ.