ಅತ್ತೆಯ ಸಮುದ್ರ ಮತ್ತು ಅರ್ಧ ನಿಂಬೆಹಣ್ಣು

ನಮ್ಮ ಅತ್ತೆಗೆ ಹೆದರಿಕೆ ಎಂಬುದೇ ಇಲ್ಲ ಎಂದು ಬೆಟಗೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಪಾಲಿನ ಹೆದರಿಕೆ ಎಲ್ಲಿಗೂ ಹೋಗಿಲ್ಲ. ಅದನ್ನು ನನಗೆ ವಹಿಸಿಕೊಟ್ಟಿದ್ದಾರೆ, ಅಷ್ಟೆ! ಮಾಡುವುದು ಅವರು, ಹೆದರುವುದು ನಾನು. ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿರುವುದೇ ಹೀಗೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ ಒಬ್ಬರೇ ಇದ್ದರು. ನಾನು ಧಾರವಾಡದಲ್ಲಿ ಓದು ಮುಗಿಸುವ ಹೊತ್ತಿಗೆ ಗದಗ ಜಿಲ್ಲೆಯಾಗಿತ್ತು. ಹೊಸದಾಗಿ ತೆರೆದ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. "ಬ್ಯಾರೆ ಮನಿ ಯಾಕ? ಅತ್ತಿ ಅದಾಳಲ್ಲ" ಎಂದು ಅಪ್ಪ ನನ್ನನ್ನು ಗದಗಿಗೆ ಅಂಟಿಕೊಂಡ ಬೆಟಗೇರಿಯ ಅವರ ಮನೆಯಲ್ಲಿ ಬಿಟ್ಟು ಹೋದರು. ಅತ್ತೆಯ ಜೊತೆ ಆ ಮನೆಯಲ್ಲಿ ಇನ್ನೇನೇನಿದೆ ಎಂದು ಮಾತ್ರ ಹೇಳಲಿಲ್ಲ.

ಮೊದಲ ದಿನವೇ ಗೊತ್ತಾಯಿತು. ಊಟಕ್ಕೆ ಕುಳಿತಾಗ ಉಪ್ಪಿನಕಾಯಿ ತರಲೆಂದು ಒಳಗೆ ಹೋಗಿ ಒಂದು ಭರಣಿಯ ಮುಚ್ಚಳ ತೆಗೆದೆ. ಒಳಗೆ ಬೆರಳುಗಳು! ಕಂದು ಬಣ್ಣದ, ನುಣುಪಾದ, ತುದಿ ಚೂಪಾದ ಬೆರಳುಗಳು. ಅವುಗಳಿಗೆ ಉಗುರಿರಲಿಲ್ಲವಂತೆ, ಅಷ್ಟನ್ನು ಗಮನಿಸುವ ತನಕ ನಾನು ಅಲ್ಲಿ ನಿಂತಿರಲಿಲ್ಲ.

"ಯಾಕ ಚೀರ್ತಿ?" ಎಂದರು ಅತ್ತೆ, ರೊಟ್ಟಿ ಮುರಿಯುತ್ತ. "ಅವು ಸತ್ತು ಭಾಳ ದಿನ ಆತು."

ಅವು ಬೆಲೆಮ್ನೈಟ್‌ಗಳು. ಡೈನೋಸಾರ್‌ಗಳು ನೆಲದ ಮೇಲೆ ಓಡಾಡುತ್ತಿದ್ದಾಗ ಸಮುದ್ರದಲ್ಲಿ ಈಜುತ್ತಿದ್ದ, ಹತ್ತು ತೋಳಿನ ಮೆತ್ತನೆಯ ಪ್ರಾಣಿ. ಅದರ ಬಾಲದ ಕಡೆ, ಮೈಯೊಳಗೆ, ಗುಂಡಿನ ಆಕಾರದ ಒಂದು ಗಟ್ಟಿ ಭಾಗವಿತ್ತು. ಮೈಯೆಲ್ಲ ಕರಗಿಹೋಗಿ ಅದೊಂದೇ ಕಲ್ಲಾಗಿ ಉಳಿಯಿತು. ಹಿಂದೊಮ್ಮೆ ಶಿಕ್ಷಕಿಯರೆಲ್ಲ ಸೇರಿ ದ್ವಾರಕೆಗೆ, ಅಲ್ಲಿಂದ ಕಛ್‌ಗೆ ಪ್ರವಾಸ ಹೋಗಿದ್ದರು. ಕಛ್‌ನ ಯಾವುದೋ ಒಣ ಹಳ್ಳದ ಬಳಿ ಬಸ್ಸು ಕೆಟ್ಟು ನಿಂತಿತು. ಉಳಿದವರು ಊರಿಗೆ ದ್ವಾರಕೆಯ ಪ್ರಸಾದ ತಂದರು; ಅತ್ತೆ ಆ ಹಳ್ಳವನ್ನೇ ತಂದರು! ಆಮೇಲೆ ಬೇಸಿಗೆ ರಜೆ ಬಂದರೆ ಸಾಕು, ಖಾಲಿ ಚೀಲ ಹಿಡಿದು ರೈಲು ಹತ್ತುತ್ತಿದ್ದರು.

"ಅಷ್ಟು ದೂರ ಯಾಕ ಹೋಗ್ತೀರಿ? ನಮ್ಮ ಕಪ್ಪತಗುಡ್ಡದಾಗ ಸಿಗೂದಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ನಮ್ಮ ಗುಡ್ಡ ಭಾಳ ಹಿರೇದವಾ. ಇವು ಹುಟ್ಟೂದಕ್ಕಿಂತ ಎಷ್ಟೋ ಮೊದಲಽ ಬಂದು ಕುಂತೈತಿ" ಎಂದರು, ಗುಡ್ಡ ತಮ್ಮ ತವರಿನ ಹಿರಿಯರೇನೋ ಎಂಬಂತೆ.

ಆದರೂ ಈ ಕಡೆಯ ಕಲ್ಲುಗಳನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಹೊಂಬಳದಿಂದ, ಲಕ್ಕುಂಡಿಯಿಂದ ಶಾಲೆಗೆ ಬರುವ ಹುಡುಗಿಯರು ಚೂಪಾದದ್ದು ಏನು ಸಿಕ್ಕರೂ ತಮ್ಮ ಅಕ್ಕೋರಿಗೆಂದು ಹೊತ್ತು ತರುತ್ತಿದ್ದರು. ಅತ್ತೆಯ ಪರೀಕ್ಷೆಯಲ್ಲಿ ಎರಡು ಹಂತ. ಮೊದಲು ಕಲ್ಲನ್ನು ನೆಕ್ಕುವುದು! ಒದ್ದೆಯಾದರೆ ಒಳಗಿನ ಗೆರೆಗಳು ಚೆನ್ನಾಗಿ ಕಾಣುತ್ತವೆಯಂತೆ. ಆಮೇಲೆ ಗೀರಿ, ಉದುರಿದ ಪುಡಿಯ ಮೇಲೆ ನಿಂಬೆರಸ ಹಿಂಡುವುದು. ಬೆಲೆಮ್ನೈಟ್ ಆದರೆ ಸಣ್ಣಗೆ ನೊರೆ ಬರುತ್ತದೆ. ಅದಕ್ಕಾಗಿ ಅವರ ಪರ್ಸಿನಲ್ಲಿ ಸದಾ ಒಂದು ನಿಂಬೆಹಣ್ಣು. ಒಬ್ಬಳು ತಂದ ಕಲ್ಲನ್ನು ನೆಕ್ಕಿ ಅತ್ತೆ ಕೆಮ್ಮಿದರು, ಕಣ್ಣೊರೆಸಿಕೊಂಡರು, ತೀರ್ಪು ಕೊಟ್ಟರು: "ಒಯ್ದು ನಿಮ್ಮವ್ವಗ ಕೊಡು. ಇದರಾಗ ಖಾರ ಕುಟ್ಯಾರ."

ನಗುತ್ತೀರಿ. ನನಗೂ ನಗು ಬರುತ್ತಿತ್ತು, ಲಕ್ಷ್ಮೇಶ್ವರದ ಬಸ್ ನಿಲ್ದಾಣದ ತನಕ. ಅಲ್ಲಿನ ಶಾಲೆಯೊಂದರಲ್ಲಿ ತೋರಿಸಲೆಂದು ಅತ್ತೆ ಒಂದು ಚೀಲ ತುಂಬ ಕಲ್ಲು ಹೊತ್ತು ಹೊರಟಿದ್ದರು. ಹೊಸ ಜಿಲ್ಲೆ, ಹೊಸ ಉತ್ಸಾಹ. ಚೀಲ ಧೊಪ್ಪೆಂದದ್ದನ್ನು ಕೇಳಿ ಕಾನ್‌ಸ್ಟೇಬಲ್ ಒಬ್ಬರು ಬಂದು ಬಿಚ್ಚಿಸಿದರು. ಒಳಗೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ರಿ ಇದು? ಗುಂಡು?"

ನಾನು ಮನಸ್ಸಿನಲ್ಲೇ ಜೈಲಿಗೆ ಹೋಗಿ, ಕೆಲಸ ಕಳೆದುಕೊಂಡು, ಅಪ್ಪನಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಅತ್ತೆ ಒಂದು ಕಲ್ಲನ್ನು ಅವರ ಕೈಗಿಟ್ಟು, "ಸಮುದ್ರದ ಪ್ರಾಣಿರೀ. ನೆಕ್ಕಿ ನೋಡ್ರಿ" ಎಂದರು. ಅಕ್ಕೋರ ದನಿಗೆ ಅದೆಂಥ ಶಕ್ತಿ! ಆ ಮನುಷ್ಯ ನಿಜವಾಗಿಯೂ ನೆಕ್ಕಿದರು. ಸ್ವಲ್ಪ ಹೊತ್ತು ಬಾಯಾಡಿಸಿದರು.

"ಸಮುದ್ರದ್ದು ಅಂತೀರಿ, ಉಪ್ಪಽ ಇಲ್ಲಲ್ರೀ ಅಕ್ಕೋರ!"

ಸಮುದ್ರ ತಮಗೇ ಮೋಸ ಮಾಡಿತೆಂಬ ಮುಖದಲ್ಲಿ ನಮ್ಮನ್ನು ಕಳಿಸಿಕೊಟ್ಟರು. ಶಾಲೆ ಮುಗಿಸಿ ಮರಳುವಾಗ ಅತ್ತೆ ದಾರಿಯುದ್ದಕ್ಕೂ ನಕ್ಕರು. ನಾನು ಶಿರಹಟ್ಟಿ ದಾಟುವ ತನಕ ಹಿಂದೆ ಪೊಲೀಸ್ ಜೀಪು ಬರುತ್ತಿದೆಯೇ ಎಂದು ಕಿಟಕಿಯಿಂದ ಇಣುಕುತ್ತಲೇ ಇದ್ದೆ.

ಆದರೆ ನಾನು ಹೇಳಹೊರಟ ಹೆದರಿಕೆ ಇದಲ್ಲ.

ರಜೆಯ ದಿನ ಅತ್ತೆ ಕಲ್ಲುಗಳನ್ನೆಲ್ಲ ತೊಳೆದು, ಮನೆ ಮುಂದಿನ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ ಒಣಗಿಸುತ್ತಿದ್ದರು. ಸಾಲಾಗಿ, ಎಲ್ಲದರ ಚೂಪು ಪಶ್ಚಿಮಕ್ಕೆ. ಯಾಕೆಂದರೆ ಆ ಹಳ್ಳದ ಬಂಡೆಯಲ್ಲಿ ಅವು ಹಾಗೇ ಒಂದೇ ಕಡೆ ಮುಖ ಮಾಡಿ ಮಲಗಿದ್ದವಂತೆ. "ನೀರಿನ ಸೆಳವು ಮಲಗಿಸಿದ್ದು. ನಾ ಯಾಕ ಹೊರಳಿಸ್ಲಿ?" ಎನ್ನುತ್ತಿದ್ದರು. ನಮ್ಮ ಕಟ್ಟೆಯ ಪಶ್ಚಿಮಕ್ಕೆ ಇದ್ದದ್ದು ನೇಕಾರರೊಬ್ಬರ ಮನೆ. ಮಗ ಮಗ್ಗದಲ್ಲಿ ನೇಯುತ್ತಿದ್ದ. ಸೊಸೆ, ಕೂಸು, ಮುದುಕಿ ತಾಯಿ. ಈಗ ನೀವು ಆ ಮುದುಕಿಯ ಜಾಗದಲ್ಲಿ ನಿಂತು ನೋಡಿ: ಎದುರಿನ ಕಟ್ಟೆಯ ಮೇಲೆ ಎಲುಬಿನಂಥ ಚೂಪು ಕಲ್ಲುಗಳ ಸಾಲು, ಎಲ್ಲವೂ ನಿಮ್ಮ ಬಾಗಿಲಿಗೆ ಗುರಿಯಿಟ್ಟಿವೆ. ಪಕ್ಕದಲ್ಲಿ ಬಿಳಿ ಪುಡಿ. ಕತ್ತರಿಸಿದ ಅರ್ಧ ನಿಂಬೆಹಣ್ಣು. ಒಬ್ಬಂಟಿ ಹೆಂಗಸು ಕಣ್ಣು ಮುಚ್ಚಿ ಕಲ್ಲು ನೆಕ್ಕುತ್ತಿದ್ದಾಳೆ. ಇದು ಭೂಗೋಳ ಎಂದು ನಿಮಗೆ ಹೊಳೆಯುತ್ತದೆಯೇ?

ಮಾಟ ಎಂಬ ಮಾತನ್ನು ಯಾರೂ ನಮ್ಮೆದುರು ಆಡಲಿಲ್ಲ. ಆದರೆ ಆ ಮನೆಯ ಬಾಗಿಲಿಗೆ ಮೆಣಸಿನಕಾಯಿ ಕಟ್ಟಿದರು. ಆಗಾಗ ಬರುತ್ತಿದ್ದ ಬಿಸಿ ರೊಟ್ಟಿ ನಿಂತಿತು. ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ಪಕ್ಕದ ಕೊಡಗಳು ಸರಿದವು. ನಾನು ಎಲ್ಲವನ್ನೂ ಕಂಡೆ, ಮತ್ತು ನನ್ನ ಸ್ವಭಾವದಂತೆ ಯಾರಿಗೂ ಹೇಳದೆ ಹೆದರಿದೆ. ಇಂಥ ಅನುಮಾನದಿಂದ ಹೆಂಗಸರನ್ನು ಹೊಡೆದ ಸುದ್ದಿಗಳನ್ನು ನಾನು ಓದಿದ್ದೆ. ಕೊನೆಗೊಮ್ಮೆ ಅಂದೆ: "ಅತ್ತೀ, ಕಲ್ಲು ಒಳಗ ಒಣಗಸ್ರಿ."

"ಒಳಗ ಬಿಸಲಾ ಬೀಳ್ತದೇನ ಹುಚ್ಚಿ?"

ಅಷ್ಟರಲ್ಲಿ ಆ ಮನೆಯ ಕೂಸಿಗೆ ಜ್ವರ ಬಂತು. ದಿನಗಟ್ಟಲೆ ಇಳಿಯಲಿಲ್ಲ. ಒಂದು ಸಂಜೆ ಅತ್ತೆಯೂ ನಾನೂ ಚಹಾ ಕುಡಿಯುತ್ತಿದ್ದಾಗ ಮಗ್ಗದ ಸದ್ದು ತಟ್ಟನೆ ನಿಂತಿತು. ನಾನು ಅತ್ತೆಯ ಮನೆಗೆ ಬಂದ ಮೇಲೆ ಬೆಳಕಿರುವಾಗ ಆ ಸದ್ದು ನಿಂತದ್ದೇ ಇರಲಿಲ್ಲ. ಆಮೇಲೆ ಓಣಿಯಲ್ಲಿ ಹೆಜ್ಜೆಗಳು, ಬಹಳ ಹೆಜ್ಜೆಗಳು. ಬಾಗಿಲು ಬಡಿಯಿತು.

"ತೆಗೀಬ್ಯಾಡ್ರಿ" ಎಂದೆ. ಅತ್ತೆ ಆಗಲೇ ಚಿಲಕ ತೆಗೆದಿದ್ದರು.

ಹೊರಗೆ ಓಣಿಯೇ ನಿಂತಿತ್ತು. ಮುಂದೆ ಮಗ, ಪಕ್ಕದಲ್ಲಿ ಮುದುಕಿ. ಅವಳು ಅಂಗೈಯನ್ನು ಮುಂದೆ ಚಾಚಿದಳು. ಅದರಲ್ಲಿ ನಮ್ಮ ಕಟ್ಟೆಯ ಅರ್ಧ ನಿಂಬೆಹಣ್ಣು.

"ಅಕ್ಕೋರ, ನಾವು ನಿಮಗೇನು ಕೆಟ್ಟ ಮಾಡೇವಿ? ನನ್ನ ಮೊಮ್ಮಗನ್ನ ಬಿಟ್ಟುಬಿಡ್ರಿ."

ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅದು ನನಗೆ ಇನ್ನೂ ಹೆದರಿಕೆ ತಂದಿತು. ಅತ್ತೆ ನಿಂಬೆಹಣ್ಣನ್ನೂ ಅವಳ ಮುಖವನ್ನೂ ನೋಡಿದರು. ಆಮೇಲೆ ತಿರುಗಿ ನೋಡದೆ ನನಗೆ ಹೇಳಿದರು:

"ಒಂದು ಲೋಟದಾಗ ನೀರು ತೊಗೊಂಡು ಬಾ. ಸಕ್ರಿ ಡಬ್ಬಿನೂ ತಾ."

ಓಣಿಯ ಎದುರಿಗೇ ಆ ನಿಂಬೆಹಣ್ಣನ್ನು ಲೋಟಕ್ಕೆ ಹಿಂಡಿದರು. ಸಕ್ಕರೆ ಹಾಕಿ ಕಲಕಿದರು. ಒಂದು ಕಲ್ಲನ್ನು ತಂದು, ಚೆನ್ನಾಗಿ ನೆಕ್ಕಿ, ಅದರಿಂದಲೇ ಇನ್ನೊಮ್ಮೆ ಕಲಕಿದರು! ಗಟಗಟನೆ ಕುಡಿದರು. ಓಣಿ ಉಸಿರು ಹಿಡಿದು ನೋಡಿತು. ಅವರು ಸಾಯಬಹುದೆಂದು ಕಾದಂತಿತ್ತು.

"ಸಕ್ರಿ ಕಮ್ಮಿ ಆತು" ಎಂದರು ಅತ್ತೆ. ಯಾರೋ ಹಿಂದೆ ಕಿಸಕ್ಕೆಂದರು. "ಮಾಟ ಮಾಡಿದ್ರ ನನಗಽ ತಟ್ಟಲಿ. ಈಗ ಹೇಳ್ರಿ, ಕೂಸಿನ್ನ ಡಾಕ್ಟರಿಗೆ ತೋರ್ಸೀರೇನು?"

"ಇಲ್ರೀ" ಎಂದ ಮಗ. ಕೂಸಿನ ತೋಳಿಗೆ ಅಂತ್ರದ ತಾಯಿತ ಕಟ್ಟಿಸಿದ್ದರು, ಅಷ್ಟೇ.

"ತಾ ಇಲ್ಲೆ" ಎಂದು ಕೂಸನ್ನು ತರಿಸಿ, ಸೊಸೆಯನ್ನು ಕರೆದುಕೊಂಡು, ಅತ್ತೆ ಆಟೋ ಹತ್ತಿ ದವಾಖಾನೆಗೆ ಹೋದರು. ನಾನು ಬಾಗಿಲು ಹಾಕಿಕೊಂಡು ಒಳಗೆ ಕುಳಿತೆ. ಔಷಧ ಹತ್ತದಿದ್ದರೆ? ಕೂಸಿಗೆ ಏನಾದರೂ ಆದರೆ? ಅದೇ ಜನ ಮತ್ತೆ ಬಂದರೆ ಕುಡಿದು ತೋರಿಸಲು ಏನು ಉಳಿದಿದೆ?

ಮರಳಿ ಬಂದ ಅತ್ತೆ ನೇರವಾಗಿ ಅಡುಗೆಮನೆಗೆ ಹೋದರು. ಒಳಗಿನಿಂದ ಸ್ಟೀಲಿನ ಲೋಟಕ್ಕೆ ತಂಬಿಗೆ ತಾಗುವ ಟಕಟಕ ಸದ್ದು ಬಂತು, ನಿಲ್ಲಲೇ ಇಲ್ಲ. ಹೋಗಿ ನೋಡಿದೆ. ಅತ್ತೆ ನೆಲದ ಮೇಲೆ ಕುಳಿತು ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ನೀರೆಲ್ಲ ಸೀರೆಯ ಮೇಲೆ.

"ಅತ್ತೀ, ನಿಮಗೂ ಹೆದರಿಕಿ ಆಗಿತ್ತೇನ್ರಿ?"

"ಯಾವಾಗ ಆಗಿದ್ದಿಲ್ಲ?" ಎಂದರು. "ಅವತ್ತು ಪೊಲೀಸಪ್ಪ ಚೀಲ ಬಿಚ್ಚಿದಾಗ ಜೀವಾನಽ ಹೋಗಿತ್ತು. ಇಬ್ಬರೂ ಹೆದರಿದ್ರ ಬಾಗಲಾ ಯಾರು ತೆಗೀಬೇಕು?"

ತಂಬಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ನೀರು ಕುಡಿಸಿದೆ. ನಾನು ಹಂಚಿಕೆ ಎಂದುಕೊಂಡಿದ್ದು ಹಂಚಿಕೆಯಾಗಿರಲೇ ಇಲ್ಲ.

ಮರುದಿನ ಬೆಳಗ್ಗೆ ಮತ್ತೆ ಬಾಗಿಲು ಬಡಿಯಿತು. ಅತ್ತೆ ಏಳಲು ಹೊರಟರು, ಗೋಡೆಗೆ ಕೈ ಊರಿದರು.

"ಕುಂಡ್ರಿ ಅತ್ತಿ. ನಾ ತಗೀತೀನಿ" ಎಂದೆ.

ಚಿಲಕ ನನ್ನ ಕೈಯಲ್ಲಿ ಎರಡು ಸಲ ಜಾರಿತು. ಹೊರಗೆ ಮುದುಕಿ ಒಬ್ಬಳೇ ನಿಂತಿದ್ದಳು. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು. ಸೆರಗಿನ ತುದಿಯಲ್ಲಿ ಒಂದಿಷ್ಟು ನಿಂಬೆಹಣ್ಣು.

"ಜ್ವರ ಇಳದೈತಿ. ಹಾಲು ಕುಡದು ಮಲಗೈತಿ" ಎಂದಳು. ಹಣ್ಣುಗಳನ್ನು ನನ್ನ ಕೈಗೆ ಸುರಿದು, ಒಳಗೆ ಇಣುಕಿ, ದನಿ ತಗ್ಗಿಸಿದಳು. "ಆದರೂ ಆ ಕಲ್ಲಿನ ಚೂಪು ಒಂದೀಟು ಬ್ಯಾರೆ ಕಡೆ ತಿರುಗಿಸಾಕ ಹೇಳವಾ."

ಈಗ ಕಟ್ಟೆಯ ಮೇಲೆ ಆ ಸಮುದ್ರವೆಲ್ಲ ಪೂರ್ವಕ್ಕೆ ತಿರುಗಿ, ನಮ್ಮ ಬಾಗಿಲಿಗೇ ಗುರಿಯಿಟ್ಟು ಒಣಗುತ್ತದೆ. ಎದುರು ಮನೆಯಲ್ಲಿ ಮಗ್ಗದ ಸದ್ದು ಒಂದು ಕ್ಷಣ ನಿಂತರೂ ನಾವಿಬ್ಬರೂ ತಲೆಯೆತ್ತುತ್ತೇವೆ. ಬಾಗಿಲು ಬಡಿದರೆ ನನ್ನ ಎದೆ ಇಂದಿಗೂ ಬಡಿದುಕೊಳ್ಳುತ್ತದೆ. ಎದ್ದು ಹೋಗುವುದು ಮಾತ್ರ ಈಗ ನಾನು.