ಸೀಟು ಬೇಡವೆಂದ ಬಾಯಿ

ನಾನು ಕುಂತಲ್ಲಿ ಕೂಡುವ ಹೆಂಗಸಲ್ಲ. ಒಲೆಯ ಮೇಲೆ ಹಾಲಿದ್ದರೆ ಅದು ಉಕ್ಕುವ ಮೊದಲೇ ನಾನು ಉಕ್ಕಿರುತ್ತೇನೆ. ಬಸ್ಸಿಗಾಗಿ ಜನ ಬೆಂಚಿನ ಮೇಲೆ ಹಾಯಾಗಿ ಕೂತಿರುವುದನ್ನು ಕಂಡರೆ ನನಗೆ ಆಶ್ಚರ್ಯ. ನಾನಂತೂ ರಸ್ತೆಗೇ ಇಳಿದು, ಕತ್ತು ಚಾಚಿ, ನಾನು ನೋಡದಿದ್ದರೆ ಬಸ್ಸು ಬರುವುದೇ ಇಲ್ಲವೇನೋ ಎಂಬಂತೆ ನಿಂತಿರುತ್ತೇನೆ. ಇಂಥದರಲ್ಲೆಲ್ಲ ಈ ಸ್ವಭಾವದಿಂದ ಯಾರಿಗೂ ನಷ್ಟವಿಲ್ಲ. ಆದರೆ ಮಗಳು ಕಾಲೇಜಿನ ಸೀಟಿಗೆ ಕಾಯುವ ದಿನಗಳಲ್ಲಿ ಇಂಥ ತಾಯಿ ಮನೆಯಲ್ಲಿರುವುದು ಕ್ಷೇಮವಲ್ಲ.

ನಮ್ಮದು ಬನಹಟ್ಟಿ. ಮನೆಯವರದು ಪವರ್‌ಲೂಮಿನ ಸೀರೆ ಕಸುಬು; ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಬ್ಬಳೇ ಮಗಳು, ಅಕ್ಷತಾ. ನಮ್ಮ ಮನೆತನದಲ್ಲಿ ಮಗ್ಗ ಸಾಕಿದವರಿದ್ದಾರೆಯೇ ಹೊರತು ದನ ಸಾಕಿದವರಿಲ್ಲ. ಆದರೂ ಈ ಹುಡುಗಿಗೆ ದನದ ಡಾಕ್ಟರೇ ಆಗಬೇಕು. ಈ ಹುಚ್ಚು ಹತ್ತಿದ್ದು ಬೀಳಗಿಯ ನನ್ನ ತವರಿನಲ್ಲಿ. ಒಂದು ಸೂಟಿಯಲ್ಲಿ ಹೋದಾಗ ಅಣ್ಣನ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಹೊಟ್ಟೆಯೊಳಗೆ ಕರು ಅಡ್ಡ ತಿರುಗಿತ್ತು. ಬಂದ ಡಾಕ್ಟರು ಹೆಂಗಸು, ಇನ್ನೂ ಎಳೆ ವಯಸ್ಸು. ಆಕೆ ಭುಜದ ತನಕ ಕೈ ಹಾಕಿ ಕರುವನ್ನು ಸರಿಮಾಡುತ್ತಿದ್ದಾಗ, ವರ್ಷವರ್ಷವೂ ಸಂತಾನೋತ್ಪತ್ತಿಯ ಪಾಠ ಮಾಡುವ ನಾನು ಬಾಗಿಲ ಹಿಂದೆ ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಅಕ್ಷತಾ ಮಾತ್ರ ಬಿಸಿನೀರಿನ ಬಕೆಟ್ ಹಿಡಿದು ಡಾಕ್ಟರ ಮಗ್ಗುಲಲ್ಲೇ ಇದ್ದಳು. ಕರು ನಡುಗುತ್ತ ಎದ್ದು ನಿಂತಾಗ ಅವಳ ಮುಖ ನೋಡಬೇಕಿತ್ತು. ಅಂದಿನಿಂದ ಬೇರೆ ಮಾತಿಲ್ಲ.

ಆದರೆ ಪಶುವೈದ್ಯಕೀಯದ ಸೀಟನ್ನು ಎಮ್ಮೆಗಳು ಹಂಚುವುದಿಲ್ಲವಲ್ಲ. ಪ್ರವೇಶ ಪರೀಕ್ಷೆಯ ಫಲಿತಾಂಶ ಬಂತು. ಜೀವಶಾಸ್ತ್ರ ಕೈ ಹಿಡಿದಿತ್ತು, ಭೌತಶಾಸ್ತ್ರ ಕೈ ಕೊಟ್ಟಿತ್ತು. ಹಿಂದಿನ ವರ್ಷ ಕೊನೆಯ ಸೀಟು ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೂ ಆಚೆಗಿತ್ತು ನಮ್ಮವಳ ರ‍್ಯಾಂಕು. ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಮಾಸ್ತರರು, "ಇರ್ಲಿ ಬಿಡ್ರಿ ಟೀಚರ್, ದೀಪದ ಬುಡಕ್ಕ ಕತ್ತಲ ಇರೋದ" ಎಂದು ಸಮಾಧಾನ ಹೇಳಿದರು. ನನ್ನನ್ನು ದೀಪ ಎಂದರೆಂದು ಹಿಗ್ಗಬೇಕೋ, ಮಗಳನ್ನು ಕತ್ತಲು ಎಂದರೆಂದು ಜಗಳ ತೆಗೆಯಬೇಕೋ ತಿಳಿಯದೆ ಚಹಾ ಕುಡಿದು ಎದ್ದು ಬಂದೆ.

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ತೋಟಗಾರಿಕೆಯ ಸೀಟು ಬಂತು. ಹತ್ತಿರದ ಊರು, ಒಳ್ಳೆಯ ಓದು. "ಸುಮ್ಮನ ತಗೋ, ದೇವರು ಕೊಟ್ಟಾನ" ಅಂದೆ. ಅಕ್ಷತಾ ತಲೆ ಅಲ್ಲಾಡಿಸಿದಳು. "ಅವ್ವಾ, ಗಿಡ ಒದರೂದಿಲ್ಲ ಬೇ. ಒದರೂದಿಲ್ಲಂದ್ರ ನನಗ ಅದರ ತ್ರಾಸ ಹೆಂಗ ತಿಳೀಬೇಕು?" ಅಂದವಳೇ ಕೈಗೆ ಬಂದ ಸೀಟನ್ನು ಬಿಟ್ಟುಕೊಟ್ಟಳು. ಸೀಟು ಕಾಯ್ದಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವ ಆಯ್ಕೆಯೂ ಅಲ್ಲ, ಬಿಟ್ಟರೆ ಬಿಟ್ಟಂತೆ.

ಅವತ್ತಿನಿಂದ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ತಿಕ್ಕಿದ ತಾಮ್ರದ ಹಂಡೆಯನ್ನೇ ಮತ್ತೆ ಮತ್ತೆ ತಿಕ್ಕಿದೆ. ಜಮಖಂಡಿಗೆ ಹೋಗಿ ನನ್ನ ಹಳೆಯ ಗುರುಗಳನ್ನು ಕೇಳಿದೆ. ಅವರು ಪ್ರಾಣಾಯಾಮ ಹೇಳಿಕೊಟ್ಟರು. ಮುಧೋಳದ ಒಬ್ಬ ಸಂಬಂಧಿಕರು, "ಮಂತ್ರಿಗಳ ಪಿ.ಎ. ನನಗ ಭಾಳ ಬೇಕಾದವರು" ಎಂದಿದ್ದನ್ನು ನಂಬಿ ಅವರ ಮನೆಗೂ ಹೋದೆ. ಚಹಾ, ಚೂಡಾ ಎಲ್ಲ ಮುಗಿದ ಮೇಲೆ, ಬೇಕಾದವರು ಪಿ.ಎ. ಅಲ್ಲ, ಪಿ.ಎ.ಯವರ ಡ್ರೈವರ್ ಎಂದೂ, ಅವರೂ ಈಗ ಕೆಲಸ ಬಿಟ್ಟಿದ್ದಾರೆಂದೂ ತಿಳಿಯಿತು. ನಮ್ಮ ಮನೆಯವರು ಮಾತ್ರ ಮಗ್ಗದ ಮುಂದಿನಿಂದ ಕದಲಲಿಲ್ಲ. "ಎಳಿ ಹರದಾಗ ಓಡ್ಯಾಡಿದ್ರ ಕೂಡತೈತೇನು? ನಿಂತು ಗಂಟ ಹಾಕಬೇಕು" ಎಂದರು. ನನಗೆ ಸಿಟ್ಟು ಬಂತು. ಸರಿಯಾದ ಮಾತು ಕೇಳಿದಾಗ ನನಗೆ ಯಾವಾಗಲೂ ಬರುವ ಸಿಟ್ಟು ಅದು.

ಕೊನೆಯ ಸುತ್ತೂ ಮುಗಿಯಿತು. ಅಕ್ಷತಾಳ ಹೆಸರು ಎಲ್ಲೂ ಇಲ್ಲ. ಅವಳು ಅಳಲಿಲ್ಲ. ಒಂದು ಹಗಲಿನ ಬಸ್ಸಿನ ದಾರಿಯಷ್ಟು ದೂರದ ಪಶುವೈದ್ಯಕೀಯ ಕಾಲೇಜೊಂದರಲ್ಲಿ ಉಳಿದ ಸೀಟಿಗೆ ಹೆಸರು ಬರೆಸಿದಳು. ಯಾರಾದರೂ ಬಿಟ್ಟು ಹೋದರೆ ಸರದಿಯ ಪ್ರಕಾರ ಫೋನ್ ಮಾಡಿ ಕರೆಯುತ್ತಾರಂತೆ. ಮೊದಲಿನಿಂದಲೂ ಎಲ್ಲ ಕಡೆ ಕೊಟ್ಟಿದ್ದ ನಂಬರು ನನ್ನದೇ. ಅದೇ ನಂಬರು ಹೇಗೋ ಸೀಟು ಮಾರುವ ಏಜೆಂಟರ ಕೈಗೂ ಸಿಕ್ಕಿತ್ತು. ಪಾಠ ಮಾಡುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಜಳಕಕ್ಕೆ ಹೋದಾಗ, "ಮೇಡಂ, ಡೈರೆಕ್ಟ್ ಸೀಟ್ ಅದಾವ್ರಿ, ಯಾವ ಕೋರ್ಸ್ ಬೇಕ್ರಿ?" ಒಬ್ಬನಂತೂ ಪಶುವೈದ್ಯಕೀಯ ಬೇಕೆಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ತಗೊಳ್ರಿ, ಎರಡರಾಗೂ ಕೋಳಿ ಬರ್ತಾವ ಎಂದ.

ಒಂದು ಶನಿವಾರ ಬೆಳಗಿನ ಸಾಲಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಖೋಲಿಯಲ್ಲಿ ಮಗ್ಗಗಳ ಖಟಖಟ. ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ.

"ಅಕ್ಷತಾ ಅವರ ಪಾಲಕರೇನ್ರಿ? ಇಲ್ಲೊಂದು ಸೀಟ್ ಖಾಲಿ..."

ಅಷ್ಟೇ ಕೇಳಿಸಿತು, ಅಷ್ಟೇ ಸಾಕಾಯಿತು.

"ಸೀಟ್ ಬ್ಯಾಡ! ನಮ್ಮ ಹುಡುಗಿ ಓದೂದ ಬಿಟ್ಟಾಳ, ಮದವಿ ಮಾಡಾಕತ್ತೇವಿ! ಇನ್ನೊಮ್ಮೆ ಫೋನ್ ಮಾಡಿದ್ರ ಪೊಲೀಸರಿಗೆ ಹೇಳ್ತೇನಿ!"

ಫೋನು ಕುಕ್ಕಿ ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಎಷ್ಟೋ ದಿನಗಳ ಮೇಲೆ ನನಗೆ ಸಮಾಧಾನವಾಯಿತು. ರೊಟ್ಟಿಗಳೂ ಅಂದು ಚೆನ್ನಾಗಿ ಉಬ್ಬಿದವು.

ರಬಕವಿಗೆ ಗೆಳತಿಯ ಮನೆಗೆ ಹೋಗಿದ್ದ ಅಕ್ಷತಾ ಊಟಕ್ಕೆ ಬಂದಾಗ ನನ್ನ ಪರಾಕ್ರಮವನ್ನು ಬಣ್ಣಿಸಿದೆ. ಅವಳು ನಗುತ್ತಲೇ ಫೋನು ತೆಗೆದು ನಂಬರು ನೋಡಿದಳು. ನಗು ನಿಂತಿತು.

"ಅವ್ವಾ, ಇದು ಕಾಲೇಜಿನ ಆಫೀಸ್ ನಂಬರ್ ಬೇ. ಏನಂದಿ ಅವರಿಗೆ?"

ಕುಂತಲ್ಲಿ ಕೂಡದ ನಾನು ಅಂದು ಕುಂತೆ, ನೆಲದ ಮೇಲೆ, ಹಿಟ್ಟಿನ ಪರಾತದ ಪಕ್ಕದಲ್ಲಿ. ಅವಳು ಮತ್ತೆ ಮತ್ತೆ ಫೋನು ಹಚ್ಚಿದಳು. ಪ್ರತಿ ಸಲವೂ ಆ ಕಡೆಯ ಲೈನು ಖಾಲಿ ಇಲ್ಲ. ನಮ್ಮನ್ನು ಬಿಟ್ಟು ಸರದಿಯಲ್ಲಿ ಮುಂದಿನವರ ಜೊತೆ ಮಾತಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮನೆಯವರು ಹೋಗಿ ಮಗ್ಗಗಳನ್ನೆಲ್ಲ ಬಂದ್ ಮಾಡಿದರು. ಅಕ್ಷತಾ ಒಂದು ಮಾತು ಬೈದಿದ್ದರೂ ಹಗುರಾಗುತ್ತಿದ್ದೆ. ಬೈಯಲಿಲ್ಲ. ತುಟಿ ಕಚ್ಚಿಕೊಂಡು ನಂಬರು ಒತ್ತುತ್ತಲೇ ಇದ್ದಳು.

ಕೊನೆಗೂ ಆ ಕಡೆಯಿಂದ ಕ್ಲಾರ್ಕಿನ ದನಿ ಬಂತು. "ಹುಡುಗೀದು ಮದವಿ ಅಂದ್ರಲ್ಲರಿ? ನಾ ಮುಂದಿನವರಿಗೆ ಹಚ್ಚಾಕತ್ತೀನಿ, ಅವರು ಫೋನ್ ಎತ್ತವಲ್ರು."

"ಹಚ್ಚಬ್ಯಾಡ್ರಿ ಸರ್!" ಅಕ್ಷತಾಳ ದನಿ ಥೇಟ್ ನನ್ನ ದನಿಯಾಗಿತ್ತು. "ಮದವಿ ಗಿದವಿ ಏನಿಲ್ರಿ. ನಮ್ಮವ್ವ ಏಜೆಂಟರಂತ ತಿಳಕೊಂಡು ಒದರ‍್ಯಾಳ. ನಾ ಬರ್ತೇನ್ರಿ."

"ಹಂಗಾರ ಸೋಮವಾರ ಆಫೀಸ್ ತಗಿಯೂದ್ರಾಗ ಇಲ್ಲಿರ‍್ರಿ. ಮತ್ತ ಫೋನ್ ನಿಮ್ಮ ತಾಯಿಯವರ ಕೈಯಾಗ ಕೊಡಬ್ಯಾಡ್ರಿ."

ರವಿವಾರ ನಸುಕಿನಲ್ಲೇ ಮೂವರೂ ಬಸ್ಸು ಹತ್ತಿದೆವು. ಸೋಮವಾರ ಆಫೀಸಿನ ಕಿಟಕಿಯ ಮುಂದೆ ನಿಂತಾಗ ನಾನು ಬಾಯಿ ಬಿಡಬಾರದೆಂದು ನಿಶ್ಚಯಿಸಿದ್ದೆ. ದನಿ ಕೇಳಿದರೆ ಗುರುತು ಸಿಕ್ಕೀತು. ಕ್ಲಾರ್ಕು ಕಾಗದಗಳನ್ನು ತಿರುವಿ, ಕನ್ನಡಕದ ಮೇಲಿಂದ ನೋಡಿ, "ತಾಯಿಯವರು ಬಂದಿಲ್ಲೇನ್ರಿ?" ಎಂದರು. ನಾನು ಫ್ಯಾನು ನೋಡಿದೆ. ಸುಳ್ಳು ಹೇಳಲು ಬಾರದ ನಮ್ಮ ಮನೆಯವರು, "ಬಂದಾಳ್ರಿ. ಇವತ್ತ ಮಾತಾಡೂದಿಲ್ಲ" ಎಂದರು. ಒಳಗಿದ್ದವರೆಲ್ಲ ನಕ್ಕರು. "ಇರ್ಲಿ ಬಿಡ್ರಿ, ಮದವಿ ಊಟ ಒಂದು ಬಾಕಿ ಐತಿ" ಎನ್ನುತ್ತ ಅವರು ಪ್ರವೇಶದ ಕಾಗದಕ್ಕೆ ಠಪ್ಪೆಂದು ಕಾಲೇಜಿನ ಶಿಕ್ಕೆ ಒತ್ತಿದರು. ಆ ಸದ್ದಿಗೆ ನನ್ನ ಕಣ್ಣು ತುಂಬಿದವು. ಹಾಸ್ಟೆಲ್ಲಿನ ಮುಂದೆ ಚೆನ್ನಾಗಿ ಅಳಬೇಕೆಂದು ಸೆರಗು ಸಿದ್ಧ ಮಾಡಿಕೊಂಡೆ. ನೋಡಿದರೆ ಮಗಳು ಚೀಲ ಅಪ್ಪನ ಕೈಗೆ ಕೊಟ್ಟು, ಆಗಲೇ ಅಲ್ಲಿನ ದನದ ಕೊಟ್ಟಿಗೆಯ ಕಡೆ ಹೊರಟುಬಿಟ್ಟಿದ್ದಳು.

ಊರಿಗೆ ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: ಕೈ ತಪ್ಪಿದ ಸೀಟು ಹೇಗೆ ಸಿಕ್ಕಿತು? ಸ್ಟಾಫ್ ರೂಮಿನಲ್ಲೂ ಕೇಳಿದರು. ನಾನು, "ಏನಿಲ್ರಿ, ಫೋನಿನಾಗ ಆಫೀಸಿನವರ ಜೋಡಿ ಸ್ವಲ್ಪ ಮಾತಾಡಿದೆ" ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಸುದ್ದಿ ಓಣಿಗೆ ಬರುವಷ್ಟರಲ್ಲಿ ಬೆಳೆದಿತ್ತು. ಮರುದಿನ ಸಂಜೆ ಎದುರುಮನೆಯ ಶಾಂತಕ್ಕ ಮಗಳನ್ನು ಕರೆದುಕೊಂಡು ಬಂದಳು. ನರ್ಸಿಂಗ್ ಸೀಟು ಕೂದಲೆಳೆಯಲ್ಲಿ ತಪ್ಪಿದೆಯಂತೆ. "ಟೀಚರ್, ನೀವು ಮಾತಾಡಿದ್ರ ಆಗತೈತಂತ. ಇವರಿಗೂ ಒಂದ್ ಮಾತ ಹೇಳ್ರಲಾ" ಎಂದು ನರ್ಸಿಂಗ್ ಕಾಲೇಜಿಗೆ ಫೋನು ಹಚ್ಚಿಯೇ ನನ್ನ ಮುಂದೆ ಹಿಡಿದಳು.

ಮಗ್ಗದ ಖೋಲಿಯ ಬಾಗಿಲಲ್ಲಿ ನಮ್ಮ ಮನೆಯವರು ಬೇಡ ಬೇಡವೆಂದು ಎರಡೂ ಕೈ ಆಡಿಸುತ್ತಿದ್ದರು. ಬೇಡವೆಂದು ನನಗೂ ಗೊತ್ತಿತ್ತು. ಆದರೆ ಆ ಕಡೆ ರಿಂಗ್ ಆಗುತ್ತಿತ್ತು, ಮತ್ತು ನನಗೆ ಸುಮ್ಮನೆ ಇರಲು ಬರುವುದಿಲ್ಲ. ಗಂಟಲು ಸರಿಮಾಡಿಕೊಂಡು ಫೋನು ತೆಗೆದುಕೊಂಡೆ.